ಸದರಿ ಕಮಾನು

ಹನ್ನೊಂದಕ್ಕೆ ಕರೆದ ಸಭೆ ಹನ್ನೆರಡೂಕಾಲಿಗೆ ಕೂತಿತು.
ಐದು ಕುರ್ಚಿ, ನಾಲ್ಕು ಮಂದಿ, ಒಂದು ಟವೆಲ್ಲು.
ಟವೆಲ್ಲಿನವರು ಈಗ ಬಂದೆ ಅಂತ ಹೋಗಿದ್ದರು.
ಕೋರಂ ಇದೆ ಎಂದು ಬರೆದೆ.

ಕೋಲಾರದ ಕೋಟೆ, ಪಾರಂಪರಿಕ ಬೀದಿಗಳ ಪರಿಶೀಲನಾ ಸಮಿತಿ.
ಕಡತ ಹದಿನಾರು ಟೀ ಬರುವ ಮೊದಲೇ ಮುಗಿಯಿತು:
ಗೋಡೆಗೆ ನೀಲಿ ಕೂಡದು, ತಿಳಿನೀಲಿ ಆಗಬಹುದು.
ಕಡತ ಹದಿನೇಳು. ಅರ್ಜಿದಾರರು ಅಖ್ತರುನ್ನಿಸಾ,
ಬಳೆ ವ್ಯಾಪಾರ.
ಕೋರಿಕೆ: ಬೀದಿ ಬಾಗಿಲ ಮೇಲಿನ ಕಮಾನು ತೆಗೆದು
ಬಾಗಿಲನ್ನು ಒಂದೂವರೆ ಅಡಿ ಅಗಲ ಮಾಡಲು.
ಕಾರಣ ಎಂದಿರುವಲ್ಲಿ
ಉದ್ದ ಗೆರೆಯ ಮೊದಲಿಗೆ ಒಂದೇ ಪದ: ಗಾಡಿ.

ಗಾಡಿ ಅಂದರೆ ತಳ್ಳುಗಾಡಿ.
ಗಾಡಿ ಮೂರೂವರೆ, ಬಾಗಿಲು ಎರಡೂಮುಕ್ಕಾಲು.
ರಾತ್ರಿ ಬೀದಿಯಲ್ಲೇ ಮಲಗುತ್ತದೆ, ಟಾರ್ಪಾಲು ಹೊದ್ದು.
ವರ್ಷಕ್ಕೆರಡು ಸಲ ಯಾರದೋ ಟೆಂಪೊ ಹಿಂದಕ್ಕೆ ಬರುತ್ತದೆ,
ಬೆಳಿಗ್ಗೆ ಅವಳು ಹಸಿರು ಕೆಂಪು ಗುಡಿಸುತ್ತಾಳೆ.
ಇದೆಲ್ಲ ಕಾರಿಡಾರಿನಲ್ಲಿ ನನಗೆ ಹೇಳಿದ್ದು.
ಅರ್ಜಿಯಲ್ಲಿ ಜಾಗವಿತ್ತು, ಬರೆಯಲಿಲ್ಲ.

ಇತಿಹಾಸದ ಉಪನ್ಯಾಸಕರು ಫೋಟೊ ಹಿಗ್ಗಿಸಿ ತೋರಿಸಿದರು:
ಐದು ಎಸಳು, ನೆತ್ತಿಗೊಂದು ಮೊಗ್ಗು.
‘ಇನ್ನೂರು ವರ್ಷಕ್ಕೆ ಒಂದು ದಿನ ಕಡಿಮೆಯಿಲ್ಲ.’
ಜೆ.ಇ. ಅಂದರು, ಮುಂಭಾಗದ ರೂಪ ಬದಲಾಗಕೂಡದು, ನಿಯಮ ಎಂಟು.
ಕೌನ್ಸಿಲರು ಹೌದು ಹೌದೆಂದರು.
ಅವರ ಮೂರಂತಸ್ತಿನ ಗಾಜಿನ ಮನೆಯೂ ಅದೇ ಬೀದಿ.
ನಕ್ಷೆಯ ಕೆಂಪು ಗೆರೆ ಅಲ್ಲಿ ಸ್ವಲ್ಪ ಬಾಗುತ್ತದೆ,
ದಾರಿಯಲ್ಲಿ ಹಸು ಮಲಗಿದ್ದರೆ ನಾವು ಸುತ್ತುವ ಹಾಗೆ.

ಸ್ಥಳ ತನಿಖೆ. ಸೋಮೇಶ್ವರನ ಗೋಡೆ ಹಿಡಿದು ನಡೆದೆವು,
ನೆರಳು ಇದ್ದಷ್ಟು ದೂರ ಸಾಲಾಗಿ.
ಎದುರು ಜಗಲಿಯಲ್ಲಿ ಟೀ ಆರಿಸುತ್ತಿದ್ದ
ಮೇಸ್ತ್ರಿ ಪಿಳ್ಳಪ್ಪ, ಎಸ್ಟಿಮೇಟಿಗೆ ಅಂತ ಕರೆಸಿದವನು,
ಇನ್ನೂರು ವರ್ಷ ಅನ್ನುವುದು ಕಿವಿಗೆ ಬಿದ್ದು ಎದ್ದು ನಿಂತ.

‘ಸಾ, ಅದು ನಾನ್ ಕಟ್ಟಿದ್ದು.
ಈಯಮ್ಮನ ಮಾವ ಇದ್ದ ಕಾಲ. ಹಳೇದು ಮಳೆಗೆ ಕುಸುದೋಯ್ತು.
ಮಣ್ಣು ಕೆದಕಿದ್ರೆ ಒಂದ್ ಎಸಳು ಸಿಕ್ತು, ಪೂರ್ತಿ.
ಅದನ್ನ ನೋಡ್ಕಂಡು ಮಿಕ್ಕ ನಾಕು ನಾನೇ ಬಿಡಿಸ್ದೆ.
ಎರಡು ಮೂಟೆ ಸಿಮೆಂಟು. ಬೆಲ್ಲಾನೂ ಇಲ್ಲ, ಸುಣ್ಣಾನೂ ಇಲ್ಲ.
ಕೂಲಿ ಬಾಕಿ ಹನ್ನೆರಡು ರೂಪಾಯಿ ಇನ್ನೂ ಬರಬೇಕು.’

ಯಾವುದಯ್ಯಾ ಆ ಒಂದು?
ಪಿಳ್ಳಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.
ಎಡದಿಂದ ನೋಡಿದ, ಬಲದಿಂದ. ಟೀ ತಣ್ಣಗಾಯಿತು.
‘ಈಗ ನಂಗೂ ಗೊತ್ತಾಗಲ್ಲ ಸಾ.’
ನಾಚಿಕೊಂಡನೋ, ಹಿಗ್ಗಿದನೋ.

ಉಪನ್ಯಾಸಕರು ಸ್ಟೂಲು ಹತ್ತಿ ಬೆರಳ ಗೆಣ್ಣಿನಿಂದ ಬಡಿದರು.
ಐದೂ ಒಂದೇ ಮಾತಾಡಿದವು.
ಸ್ವಲ್ಪ ಇಳೀರಿ ಸರ್, ಅಂದಳು ಅಖ್ತರುನ್ನಿಸಾ.
ಡಜನ್ನಿನಲ್ಲಿ ಬಿರುಕು ಬಿಟ್ಟ ಬಳೆ ಯಾವುದೆಂದು
ನೋಡದೆ, ಬರೀ ಆಡಿಸಿ, ಎತ್ತಿ ಬದಿಗಿಡುವ ಕೈ.
ಒಂದೊಂದನ್ನೂ ಉಗುರಿನಿಂದ ಮೀಟಿದಳು, ಕಿವಿ ಕೊಟ್ಟು.
ಒಂದನ್ನು ಎರಡು ಸಲ.
ಇಳಿದಳು. ಸೆರಗಿಗೆ ಕೈ ಒರೆಸಿಕೊಂಡಳು.
‘ಎಲ್ಲಾ ಒಂದೇ ಥರ ಐತೆ.’

ಸ್ಟೂಲು ಹಿಡಿದಿದ್ದವಳು ನಾನು.

ಬರೆದೆ: ಸದರಿ ಕಮಾನಿನ ಕಾಲಮಾನ ಖಚಿತವಾಗದ ಕಾರಣ
ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.
ಟವೆಲ್ಲಿನವರು ಬಂದು ಸಹಿ ಹಾಕಿ ಟವೆಲ್ಲು ಒಯ್ದರು.

ಸಂಜೆ ಬಸ್ಸಿಗೆ ಹೋಗುವಾಗ ಅದೇ ಬೀದಿ ಹಿಡಿದೆ,
ಅದು ನನಗೆ ಸುತ್ತು ದಾರಿ.
ಪಿಳ್ಳಪ್ಪ ಕುಕ್ಕರಗಾಲಲ್ಲಿ ಕೂತು ಗಾಡಿಯ ಗಾಲಿ ಬಿಚ್ಚುತ್ತಿದ್ದ,
ಅಡ್ಡ ಮಾಡಿದರೆ ಒಳಗೆ ಹೋದೀತೇನೋ ನೋಡಲು.
ಅವಳು ಬಳೆಯ ಸರಗಳನ್ನೆಲ್ಲ ಮೊಣಕೈವರೆಗೆ ಏರಿಸಿಕೊಂಡು ನಿಂತಿದ್ದಳು.
‘ಎಡಕ್ಕೆ, ಇನ್ನೊಸಿ ಎಡಕ್ಕೆ’ ಅಂದಳು,
‘ನಾಕನೇದಕ್ಕೆ ತಾಗಬಾರದು.’