ನಿರ್ವಾಹಕರನ್ನು ಸಂಪರ್ಕಿಸಿ

ರಾತ್ರಿ ಹತ್ತೂಮುಕ್ಕಾಲು. ಮಂಡಿಪೇಟೆಯ ಶಟರುಗಳೆಲ್ಲ ಬಿದ್ದಾಗಿದೆ,
ನಮ್ಮದು ಮಾತ್ರ ಮೊಣಕಾಲೆತ್ತರ ತೆರೆದಿದೆ.
ಆ ಸಂದಿಯಲ್ಲಿ ನಾಯಿಯೊಂದು ಮೂತಿ ತೂರಿಸಿ
ನನ್ನನ್ನೂ ಪರದೆಯನ್ನೂ ನೋಡಿ ಹೋಯಿತು.

ಪರದೆ ಹೇಳುತ್ತಿದೆ:
ಚಾಲಕ ಕಂಡುಬಂದಿಲ್ಲ.
ಮತ್ತೆ, ಬಲು ಮರ್ಯಾದೆಯಿಂದ:
ದಯವಿಟ್ಟು ನಿಮ್ಮ ನಿರ್ವಾಹಕರನ್ನು ಸಂಪರ್ಕಿಸಿ.

ಮಧ್ಯಾಹ್ನದ ತನಕ ಎಲ್ಲ ಸರಿಯಿತ್ತು.
ನಾನು ಮಂಡಕ್ಕಿ ತಿಂದು ಕೈ ತೊಳೆದು ಬರುವಷ್ಟರಲ್ಲಿ
ಯಾರನ್ನೂ ಕೇಳದೆ ತನ್ನನ್ನು ತಾನೇ ಹೊಸದು ಮಾಡಿಕೊಂಡಿತು.
ಮೂರು ಸಲ ಸತ್ತು ಮೂರು ಸಲ ಎದ್ದು
ಎಲ್ಲವೂ ನೀವು ಬಿಟ್ಟಲ್ಲೇ ಇದೆ, ಎಂದಿತು.
ಎಲ್ಲಿದೆ?
ಪ್ರಿಂಟರು ಮಗ್ಗುಲಲ್ಲೇ ಕೂತು ಹಸಿರು ಕಣ್ಣು ಮಿಟುಕಿಸುತ್ತಿದೆ,
ಇದಕ್ಕೆ ಅದರ ಗುರುತೇ ಇಲ್ಲ.
ಹತ್ತು ವರ್ಷ ಒಂದೇ ವೈರಿನಲ್ಲಿ ಸಂಸಾರ ಮಾಡಿದವು!

ಅಕ್ಷರಗಳ ಪಾಡು ಇನ್ನೂ ಕೆಟ್ಟದು.
ಬೆಳಗ್ಗೆ ಏಳಕ್ಕೆ ಎಂಟುನೂರು ಕಾರ್ಡು ಕೊಡಬೇಕು,
ಮಾಯಕೊಂಡದವರು. ಹುಡುಗ ಹಾಲೇಶ, ಹುಡುಗಿ ಜ್ಯೋತ್ಸ್ನಾ.
ಹಾಲೇಶನಿಗೇನೂ ಆಗಿಲ್ಲ.
ಒತ್ತಿಲ್ಲದ ಹೆಸರು, ಯಾವ ಯಂತ್ರದಲ್ಲೂ ಬದುಕುತ್ತದೆ.
ಜ್ಯೋತ್ಸ್ನಾ ಮಾತ್ರ ಚೂರಾಗಿದ್ದಾಳೆ:
ತ ಒಂದು ಕಡೆ, ಸ ಒಂದು ಕಡೆ,
ನ ಕೆಳಗಿಳಿಯಲು ಹೆದರಿ ಮೆಟ್ಟಿಲ ಮೇಲೇ ನಿಂತಿದೆ,
ದೀರ್ಘ ಇರಬೇಕಾದಲ್ಲಿ ಚುಕ್ಕಿಚುಕ್ಕಿಯ ಒಂದು ಬಳೆ,
ಯಾರ ಕೈಗೂ ಆಗದ್ದು.

ಮೊಳೆ ಜೋಡಿಸುವ ಕಾಲಕ್ಕೆ ಇಲ್ಲಿಗೆ ಬಂದವಳು ನಾನು.
ಕರೆಂಟು ಹೋದರೂ ಕೈಗೆ ಗೊತ್ತಿತ್ತು ಯಾವ ಗೂಡಲ್ಲಿ ಯಾವ ಒತ್ತು.
ಸೀಸದ ಅಕ್ಷರ ಬಿದ್ದರೆ ಬಗ್ಗಿ ಹುಡುಕಬಹುದು,
ಮೇಜಿನಡಿ, ಚಪ್ಪಲಿಯಡಿ, ಕಸಬರಿಗೆಯ ಕಡ್ಡಿಯಲ್ಲಿ.
ಇಲ್ಲಿ ಬಿದ್ದದ್ದು ಎಲ್ಲಿ ಬೀಳುತ್ತದೆ?

ಇಮ್ತಿಯಾಜನಿಗೆ ಫೋನು ಮಾಡಿದೆ.
ಹರಿಹರದಲ್ಲಿ ಯಾರದೋ ಮದುವೆ, ಹಿಂದೆ ಬ್ಯಾಂಡು.
"ಅಕ್ಕಾ, ಒಂದ್ಸಲ ಆಫ್ ಮಾಡಿ ಆನ್ ಮಾಡ್ರಿ."
ಮಾಡಿದೆ.
"ಹಂಗಾದ್ರೆ ಅಡ್ಮಿನ್ ಪಾಸ್‌ವರ್ಡ್ ಹಾಕಿ ಹಳೇದಕ್ಕೆ ವಾಪಸ್ ಹೋಗ್ರಿ."
ಪಾಸ್‌ವರ್ಡು ರುದ್ರಮುನಿಯಪ್ಪನವರ ಹತ್ತಿರ,
ಅವರ ಫೋನು ಸ್ವಿಚ್ ಆಫ್.
ಮೌಸಿನ ಬಾಲ ಯಾವ ಕಡೆಗೆಂದು ಅವರು ಇವತ್ತಿಗೂ ಕೇಳುತ್ತಾರೆ.
ಆದರೂ ಯಂತ್ರದ ಪ್ರಕಾರ ಅವರೇ ನಿರ್ವಾಹಕರು,
ನಾನು ಅತಿಥಿ.
ಇಪ್ಪತ್ತಾರು ವರ್ಷದ ಅತಿಥಿ.

ಅವರ ಮಗಳ ಹೆಸರು ಹೊಡೆದೆ. ತಪ್ಪು.
ಸ್ಕೂಟರಿನ ನಂಬರು. ತಪ್ಪು.
ಮನೆದೇವರು. ತಪ್ಪು.
ಇನ್ನೊಂದೇ ಪ್ರಯತ್ನ ಉಳಿದಿದೆ ಎಂದಿತು,
ನಮ್ಮ ಮೇಷ್ಟ್ರು ಬೆತ್ತ ಒರೆಸುತ್ತ ಹೇಳುತ್ತಿದ್ದ ದನಿಯಲ್ಲಿ.

ನಿರ್ವಾಹಕ ಅಂದರೆ ನನಗೆ ಗೊತ್ತಿದ್ದವನು ಒಬ್ಬನೇ, ನಮ್ಮಪ್ಪ.
ದಾವಣಗೆರೆ-ಜಗಳೂರು ಗಾಡಿ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ.
ಚಾಲಕ ಕಂಡುಬರದ ದಿನ ಅವನಿಗೂ ಬಂದಿತ್ತು:
ಬಿಳಿಚೋಡಿನಲ್ಲಿ ಚಾಕ್ಕೆ ಇಳಿದ ಡ್ರೈವರು ತಿರುಗಿ ಬರಲೇ ಇಲ್ಲ.
ಐವತ್ತು ಜನ, ಎರಡು ಹುಂಜ, ಬಾಣಂತಿ ಒಬ್ಬಳು.
ಗಾಡಿ ಓಡಿಸಲು ಅಪ್ಪನಿಗೆ ಬರುತ್ತಿರಲಿಲ್ಲ.
ಹಾಗಂತ ಒಪ್ಪಿಕೊಂಡ, ಎಲ್ಲರೆದುರು, ಜೋರಾಗಿ.
ಆಮೇಲೆ ಸೀಟಿನಿಂದ ಸೀಟಿಗೆ ನಡೆದು
ಟಿಕೆಟಿನ ಹಿಂದೆ ಗೀಚಿಕೊಟ್ಟಿದ್ದ ಚಿಲ್ಲರೆ ಬಾಕಿ
ನಾಲ್ಕಾಣೆ ಬಿಡದೆ ತೀರಿಸಿದ.

ಹಾಳಾದ ಕಾರ್ಡೊಂದನ್ನು ಮಗುಚಿ ಬರೆದೆ:
ಬಾಕಿ — ಒಂದು ತ್ಸ್ನಾ.
ಪರದೆಯ ಮೂಲೆಗೆ ಅಂಟಿಸಿದೆ.
ಮಾಯಕೊಂಡದವರಿಗೆ ನಾನೇ ಹೇಳುತ್ತೇನೆ, ಜೋರಾಗಿ.

ಇನ್ನು ಆಫ್ ಮಾಡಿ ಮನೆಗೆ ಹೋಗೋಣವೆಂದರೆ
ಮತ್ತೆ ಶುರು: ಹೊಸದಾಗುತ್ತಿದೆ,
ನೂರಕ್ಕೆ ಹನ್ನೊಂದು, ದಯವಿಟ್ಟು ಸ್ವಿಚ್ ತೆಗೆಯಬೇಡಿ.
ಕೂತಿದ್ದೇನೆ, ಬಿಳಿಚೋಡಿನ ಗಾಡಿಯಲ್ಲಿ ಕೂತವರ ಹಾಗೆ,
ಕೀಲಿಗಳ ಸಂದಿಯಿಂದ ಮಂಡಕ್ಕಿ ಕಾಳು ಹೆಕ್ಕುತ್ತ.
ಮೂವತ್ತೇಳಕ್ಕೆ ಪರದೆ ಕಪ್ಪಾಯಿತು.
ನಾಯಿ ಮತ್ತೆ ಬಂದು ಮೂತಿ ಇಟ್ಟಿತು.
ಅದಕ್ಕೋ ಇದಕ್ಕೋ ಮೆಲ್ಲಗೆ ಹೇಳಿದೆ:
ಹೋಲ್ಡಾನ್.