ಹಿಂದಕ್ಕೆ ನಲವತ್ತು ಮಾರು

ರುಸ್ತಾವಿಯ ಗಾಡಿಸಂತೆಯಲ್ಲಿ ಗೋಚಾ
ನನ್ನ ಕಣ್ಣು ತಪ್ಪಿಸಿ
ಸೂರ್ಯಕಾಂತಿ ಸಿಪ್ಪೆ ಉಗುಳಿದಾಗಲೇ ತಿಳಿಯಿತು:
ಡೆಲಿಕಾ ಹೋಯಿತು.
ಬೆಳ್ಳಿ ಬಣ್ಣದ್ದು, ಎತ್ತರದ ಮಾಡಿನದು,
ಎಡಬಾಗಿಲ ಕೆಳಗೆ ಅಂಗೈಯಗಲ ತುಕ್ಕು.
ಆ ತುಕ್ಕನ್ನೂ ಒಪ್ಪಿಕೊಂಡಿದ್ದೆ ನಾನು.
ನಿನ್ನೆ ಸಂಜೆ ಯಾರೋ ಪೂರ್ತಿ ದುಡ್ಡು ತಂದರಂತೆ.
ನನ್ನ ಮುಂಗಡವನ್ನು
ನಾನೇ ಸುತ್ತಿದ ರಬ್ಬರ್ ಬ್ಯಾಂಡಿನ ಸಮೇತ ವಾಪಸು ಕೊಟ್ಟ.
ಎಣಿಸಲಿಲ್ಲ.
ಎಣಿಸಿದ್ದರೆ ಅತ್ತುಬಿಡುತ್ತಿದ್ದೆ.

"ಬೇರೆ ನೋಡಕ್ಕಾ" ಅಂದ.
ಬೇರೆ! ಎಷ್ಟು ಹಗುರ ಆ ಮಾತು,
ಸಿಪ್ಪೆಯಷ್ಟೇ.

ನೋಡಿದೆವು. ಮೊದಲು ಪಜೇರೋ.
ಒಳಗೆ ಮದುವೆಮನೆಯ ಘಮ.
ಮೈದುನ ಶೇತೆ ಅಡಿಗೆ ತೆವಳಿದ,
ಹೊರಗುಳಿದದ್ದು ಅವನ ಕಾಲು ಮಾತ್ರ;
ಆ ಕಾಲು ಬಹಳ ಹೊತ್ತು ಸುಮ್ಮನಿತ್ತು.
ಎದ್ದು ಬಂದು, ಬೆರಳ ಮೇಲಿನ ಕೆಂಪು ಪುಡಿ ತೋರಿಸಿ
"ಬಿಸ್ಕತ್ತು" ಎಂದ.
ಕಡಲು ದಾಟಿ ಬಂದ ಗಾಡಿ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು,
ಕುಡಿದರೆ ನಮ್ಮ ಹೊಳೆಯಲ್ಲೇ, ನಡುನೀರಲ್ಲೇ.

ಆಮೇಲೆ ಬುಹಾಂಕಾ,
ಬ್ರೆಡ್ಡಿನ ಹಾಗೆ ಉಬ್ಬಿದ ಹಳೇ ರಷ್ಯದ ವ್ಯಾನು.
ಹದಿನಾರು ಕುರಿದೊಗಲ ಚೀಲ ಚೀಸು
ಒಂದೇ ಸಲಕ್ಕೆ ನುಂಗೀತು.
ಸುತ್ತಿಗೆ ಒಂದಿದ್ದರೆ ರಿಪೇರಿ ಎಲ್ಲೂ ಆದೀತು.
ಆದರೆ ಪೆಟ್ರೋಲು?
ಶೇತೆ ಹಬ್ಬದಲ್ಲಿ ಕುಡಿಯುವ ಹಾಗೆ,
ಕೊಟ್ಟಷ್ಟೂ, ಕೊಟ್ಟವರ ಮುಖ ನೋಡದೆ.
ಹೀಟರು ಜುಲೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ,
ಅದೂ ಆರಿಸಲು ಬಾರದು.

ಒಂದು ಹೈಲಕ್ಸಿನ ಬೆಲೆ ಕೇಳಿ
ಕೇಳಲೇ ಇಲ್ಲವೆಂಬಂತೆ ಮುಂದೆ ನಡೆದೆವು.

ಕೊನೆಗೆ ಬೇಲಿಯ ಹತ್ತಿರ ನೀವಾ.
ಬಿಳಿ, ಮೋಟು, ಎರಡೇ ಬಾಗಿಲು.
ಶೇತೆಯ ಕಾಲು ಈ ಸಲ ಬೇಗ ಹೊರಬಂತು.
"ಒಂಬತ್ತು ಚೀಲ ಹಿಡಿದೀತು."
"ಮಿಕ್ಕ ಏಳು?"
"ಇನ್ನೊಂದು ಸಲ ಇಳಿ."
ಅವನಿಗೇನು, ಹೇಳಿಬಿಟ್ಟ.

ಆ ರಾತ್ರಿ ಚಹಾ ಪೊಟ್ಟಣ ಬಿಡಿಸಿ ಒಳಮೈಗೆ ಗೆರೆ ಎಳೆದೆ:
ಬೆಲೆ, ಎತ್ತರ, ಎಷ್ಟು ಚೀಲ,
ಅತ್ತೆ ಮಾರೋ ಮಂಡಿ ಮಡಿಸದೆ ಹತ್ತಬಹುದೋ.
ಕೊನೆಯ ಸಾಲಿಗೆ ಹೆಸರಿಡಲಿಲ್ಲ.
ಅಲ್ಲಿ ಎಲ್ಲ ಗಾಡಿಗೂ ಒಂದೇ ಷರಾ:
ಅದಲ್ಲ.
ಮಾರೋ ಕನ್ನಡಕ ಏರಿಸಿ ಓದಿ
"ಕುದುರೆಯನ್ನು ಬರೆದೇ ಇಲ್ಲ" ಎಂದಳು.
ಒಲೆಗೆ ಸೌದೆ ನೂಕಿ ಮಲಗಿದಳು.

ಜೂನ್. ಅಬಾನೋ ದಾರಿ ತೆರೆಯಿತು.
ಹಿಂದೆ ಹಿಟ್ಟು, ಉಪ್ಪು, ಸೀಮೆಎಣ್ಣೆ,
ಪಕ್ಕದಲ್ಲಿ ಕಾಲು ನೀಡಿ ಮಾರೋ;
ಏರುತ್ತಿತ್ತು ನೀವಾ, ಗೊಣಗುತ್ತ, ಆದರೂ ಏರುತ್ತಿತ್ತು.
ಕರಗುವ ಹಿಮ ದಾರಿಗೇ ಸುರಿಯುವ ತಿರುವಿನಲ್ಲಿ
ಎದುರಿಗೆ ಬಂತು.
ಮಾಡಿನಿಂದಲೇ ಗುರುತಾಯಿತು.

ಅದರ ಮೈ ದೊಡ್ಡದು, ಬೆನ್ನಿಗೆ ತಿರುವು.
ದಾರಿ ಬಿಡಬೇಕಾದವಳು ನಾನೇ.
ಹಿಂದಕ್ಕೆ ನಲವತ್ತು ಮಾರು,
ಸತ್ತ ಡ್ರೈವರುಗಳ ನೆನಪಿನ ಕಲ್ಲು ದಾಟಿ,
ಕನ್ನಡಿಯಲ್ಲಿ ಬರೀ ಆಕಾಶ.
ಉಸಿರು ಬಿಗಿಹಿಡಿದು ಬಂಡೆಯ ಸಂದಿಗೆ
ನೀವಾದ ಮೋಟು ಬೆನ್ನು ತೂರಿಸಿದೆ.
ಹಿಡಿಯಿತು. ಬೇರೆ ಯಾವುದೂ ಹಿಡಿಯುತ್ತಿರಲಿಲ್ಲ.

ಡೆಲಿಕಾ ಪ್ರಪಾತದಂಚಿಗೆ ಮೆಲ್ಲಗೆ ಜಾರಿಹೋಯಿತು
ನನ್ನ ಕಿಟಕಿಗೆ ಒಂದು ಗೇಣು ದೂರ.
ಒಳಗೊಂದು ಮಗು ಗಾಜಿಗೆ ಮೂಗೊತ್ತಿತ್ತು.
ಎಡಬಾಗಿಲ ತುಕ್ಕಿಗೆ ಬಣ್ಣ ಬಳಿದಿದ್ದರು,
ಬೆಳ್ಳಿಯೇ, ಆದರೆ ಬೇರೆ ಬೆಳ್ಳಿ.

"ಯಾರವರು?" ಮಾರೋ ಕೇಳಿದಳು.
"ಗೊತ್ತಿಲ್ಲ."
ಕೆಳಗೇರಿನ ಕೋಲು ಎಂದಿನಂತೆ ಸಿಕ್ಕಿಕೊಂಡಿತು.
ಅವಳು ನನ್ನ ಕೈ ಮೇಲೆ ಕೈಯಿಟ್ಟು ನೂಕಿದಳು.
ಕಟಕ್.
ಇನ್ನು ಹನ್ನೊಂದು ತಿರುವು.