ತೊಂಬತ್ತಾರು ಗುಳಿ

ಉಪ್ಪುನೀರಿನ ಮಂಜು ಎಳೆದುಕೊಳ್ಳಿ, ಅಂದೆ.
ಈಗ ಕೆಮ್ಮಿ. ಗಂಟಲಿಂದಲ್ಲ, ಇನ್ನೂ ಕೆಳಗಿನಿಂದ.
ಶಂಷಾದ್ ಬೇಗಂ, ನಲವತ್ಮೂರು, ಗೋರಿಪಾಳ್ಯ.
ಕಸುಬು: ಊದುಬತ್ತಿ ಹೊಸೆಯುವುದು.
ಮೂರನೇ ಸಲಕ್ಕೆ ಬಂತು
ಚಮಚೆಯಷ್ಟು ಕಫ, ಅದರೊಳಗೊಂದು
ಕರಿ ಎಳೆ.

"ಇದನ್ನೇನು ಮಾಡ್ತೀಯಮ್ಮ, ಬಿಸಾಕೋ ಮಾಲು?"
ಬೆಳೆಸೋ ಅಂಶ ಎಷ್ಟಿದೆ ನೋಡ್ತೀನಿ, ಅಂದೆ.
ದುಪಟ್ಟಾದಲ್ಲಿ ಬಾಯೊರೆಸಿ ನಕ್ಕಳು:
"ಬೆಳೆಸೋದಾ? ಒಳ್ಳೇದೇ ಅಲ್ವಾ!"
ನಾನು ಟ್ಯೂಬಿನ ಮೇಲೆ ನಂಬರು ಬರೆಯುತ್ತಿದ್ದೆ.

ಒಳ್ಳೇದೇ. ಬಸಿರೊಳಗೆ ಅದೇ
ಮಗುವಿಗೆ ಒಂದೊಂದೇ ರಕ್ತನಾಳ ಎಳೆಯುತ್ತದೆ,
ಮೊಣಕಾಲು ತರಚಿದರೆ ಹೊಸ ಚರ್ಮ ಹೆಣೆಯುತ್ತದೆ,
ಮಾಯ್ದ ಮೇಲೆ ಕೈತೊಳೆದು ಎದ್ದುಹೋಗುತ್ತದೆ.
ಇಲ್ಲಿ ಮಾಯುವುದೇ ಇಲ್ಲ.
ಇದ್ದಿಲಪುಡಿ, ಜಿಗಟು, ದಿನಕ್ಕೆ ನಾಲ್ಕು ಸಾವಿರ ಕಡ್ಡಿ;
ದಿನವೂ ಕರೆ ಬರುತ್ತದೆ, ದಿನವೂ ಕೂಲಿಗೆ ಇಳಿಯುತ್ತದೆ,
ಮೇಸ್ತ್ರಿಯಿಲ್ಲದ ಗಾರೆಕೆಲಸ,
ಉಸಿರಿನ ಓಣಿಯುದ್ದಕ್ಕೂ ಪದರದ ಮೇಲೆ ಪದರ,
ಒಳಮುಖವಾಗಿ.
ಈಚೆ ಗೋಡೆಗೂ ಆಚೆ ಗೋಡೆಗೂ ನಡುವೆ
ಈಗ ಸಿಳ್ಳೆಯಷ್ಟು ಜಾಗ.

ಅಜ್ಜಿಯ ಅಳಗುಳಿಮಣೆಗೆ ಹದಿನಾಲ್ಕು,
ನನ್ನ ತಟ್ಟೆಗೆ ತೊಂಬತ್ತಾರು.
ಹುಣಸೆಬೀಜದ ಬದಲು ಹನಿ.
ಬಿಡಬೇಕು, ಕಾಯಬೇಕು, ತೊಳೆಯಬೇಕು, ಮತ್ತೆ ಕಾಯಬೇಕು.
ಕಿಟಕಿಯಾಚೆ ಹೊಸೂರು ರಸ್ತೆ ನಿಂತೇ ಇರುತ್ತದೆ.
ಅಂಶ ಇದ್ದಲ್ಲಿ ನೀಲಿ ಏಳುತ್ತದೆ,
ಆಸಿಡ್ ಬಿದ್ದೊಡನೆ ಅರಿಶಿನ.
ಡಿ ಸಾಲು, ಏಳು, ಅವಳದು: ಚೆಂಡುಹೂವು.
ಯಂತ್ರ ಓದುವ ಮೊದಲೇ ಓದಿಬಿಟ್ಟೆ.
ಪಕ್ಕದ ಎಂಟು ನನ್ನದು,
ಆರೋಗ್ಯವಂತರ ಲೆಕ್ಕಕ್ಕೆ ಜನ ಸಾಲದೆ
ನಾನೇ ಕೆಮ್ಮಿ ಕೊಟ್ಟದ್ದು.
ತಿಳಿಯಾಗಿರಬೇಕಿತ್ತು.
ಮುಕ್ಕಾಲು ತಿಳಿ.
ಪೀಣ್ಯದಿಂದ ಸ್ಕೂಟರಿನಲ್ಲಿ ಒಂಬತ್ತು ವರ್ಷ.

ಮುಂದಿನ ಸೋಮವಾರ ಬಂದಳು, ರಿಪೋರ್ಟು ಕೇಳಲು.
ರಿಪೋರ್ಟು ಕೊಡುವ ಹಾಗಿಲ್ಲ, ಇದು ಸಂಶೋಧನೆಗೆ ಮಾತ್ರ,
ನೀವೇ ಹೆಬ್ಬೆಟ್ಟು ಒತ್ತಿದ ಹಾಳೆಯಲ್ಲಿದೆ, ಅಂದೆ.
"ಪರವಾಗಿಲ್ಲ, ಬೆಳೆದಿದೆಯಾ ಹೇಳು ಸಾಕು."
ಹೂಂ, ಅಂದೆ.
ಬೇರೇನು ಅನ್ನಬೇಕಿತ್ತೋ ಗೊತ್ತಾಗಲಿಲ್ಲ.

ಹೋಗುವಾಗ ಒಂದು ಕಟ್ಟು ಕಡ್ಡಿ ಮೇಜಿನ ಮೇಲಿಟ್ಟಳು.
"ವಾಸನೆ ಇರಲ್ಲ. ಸೆಂಟು ಆಮೇಲೆ
ಫ್ಯಾಕ್ಟರೀಲಿ ಹಾಕ್ತಾರೆ."

ಡ್ರಾಯರಿನಲ್ಲಿದೆ.
ಮುಟ್ಟಿದರೆ ಬೆರಳಿಗೆ ಕರಿ.
ಮೂಸಿದರೆ ಏನೂ ಇಲ್ಲ.